ಬಿಸಿನೀರು ತಲೆಗೆ ಬಿದ್ದರೆ ಫಿಟ್ಸ್ ಬರುವವರಿಗೆ ತಲೆಸ್ನಾನ ಮಾಡಿಸುವುದು ಹೇಗೆ?

ಎಣ್ಣೆಸ್ನಾನದ ದಿನ ಹುಡುಗ ಬಚ್ಚಲಲ್ಲೇ ಸೆಟೆದು ಬೀಳುತ್ತಾನೆ. ಮನೆಯವರು ಕೈಗೆ ಬೀಗದ ಕೈ ತುರುಕಿ, ದೃಷ್ಟಿ ತೆಗೆದು, ಮುಂದಿನ ವಾರ ಮತ್ತೆ ಅದೇ ಹಂಡೆಯ ನೀರನ್ನು ಸುರಿಯುತ್ತಾರೆ. ಇದನ್ನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡು ನೊಂದಿದ್ದೇನೆ. ಇದು ಗಾಳಿ ಸೋಕಿದ್ದಲ್ಲ, ಬಿಸಿನೀರಿನ ಅಪಸ್ಮಾರ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲೇ ಇಂಥ 279 ರೋಗಿಗಳ ವಿವರ ಪ್ರಕಟಿಸಿದ್ದಾರೆ. 40ರಿಂದ 50 ಡಿಗ್ರಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯುವ ನಮ್ಮ ರೂಢಿಯೇ ಮಿದುಳನ್ನು ಕೆರಳಿಸುತ್ತದೆ.

ಮೊದಲು ಬಕೆಟ್ಟಿನಲ್ಲಿ ನೀರು ಬೆರೆಸಿಟ್ಟುಕೊಳ್ಳಿ. ಉಗುರುಬೆಚ್ಚಗಿದ್ದರೆ ಸಾಕು. ಸ್ನಾನ ಮಾಡುವವರನ್ನು ಮಣೆಯ ಮೇಲೆ ಕೂರಿಸಿ, ಚಿಲಕ ಹಾಕಬೇಡಿ.

ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದ್ದರೆ ಇಂದೇ ಹೊರಗೆ ಹಾಕಿಸಿ. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಯಾವ ಕಾಯಿಲೆಯೂ ಇಲ್ಲದವರನ್ನೂ ಪ್ರಜ್ಞೆ ತಪ್ಪಿಸಿ ಬೀಳಿಸುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಬೆರೆಸಿದ ತಲೆಯೆಣ್ಣೆಯೂ ಬೇಡ, ಅವೆರಡೂ ಫಿಟ್ಸ್ ತರಬಲ್ಲವು. ಬರೀ ಕೊಬ್ಬರಿ ಎಣ್ಣೆ ಹಚ್ಚಿ.

ಎಲ್ಲರೂ ಎಡವುವುದು ತಲೆಗೆ ನೀರು ಹಾಕುವಾಗ. ಕಾಲಿನಿಂದ ಶುರುಮಾಡಿ, ಮೈ ಪೂರ್ತಿ ನೆನೆದ ಮೇಲೆ ತಲೆಗೆ ಬನ್ನಿ. ಟವೆಲನ್ನು ಅದೇ ನೀರಿನಲ್ಲಿ ಅದ್ದಿ ಹಿಂಡಿ ತಲೆಯನ್ನು ಒತ್ತಿ ಒರೆಸಿ. ಸ್ವಲ್ಪ ತಾಳಿ, ಮತ್ತೆ ಒರೆಸಿ. ಸೀಗೆಪುಡಿ ಹಚ್ಚಿದ ಮೇಲೂ ಸುರಿಯುವ ಅವಸರ ಬೇಡ. ತಲೆ ಬಾಗಿಸಿ, ಚಿಕ್ಕ ಲೋಟದಲ್ಲಿ ಹಿಂಬದಿಯಿಂದ ಸಣ್ಣ ಧಾರೆಯಾಗಿ ಬಿಡಿ. ಪ್ರತಿ ಲೋಟದ ನಂತರ ಮಾತಾಡಿಸಿ. ನೋಟ ಒಂದೇ ಕಡೆ ನೆಟ್ಟಿತೇ, ಮಾತು ತೊದಲಿತೇ, ತಕ್ಷಣ ನಿಲ್ಲಿಸಿ. ಕೆಲವರಿಗೆ ಆ ಹೊತ್ತಿನಲ್ಲಿ ಏನೋ ಹಿತವೆನಿಸಿ, ಸಾಕೆಂದರೂ ಕೇಳದೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಅದನ್ನು ಹಟವೆಂದು ಗದರಬೇಡಿ, ಚೊಂಬು ಕಿತ್ತುಕೊಳ್ಳಿ. ಶವರ್ ಇದ್ದರೆ ಸುಲಭ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿಯೂ ನೆತ್ತಿಗೆ ಬೀಳುವುದು ಎಡೆಬಿಡದ ಧಾರೆಯೇ.

ಅಷ್ಟಾಗಿಯೂ ಫಿಟ್ಸ್ ಬಂದರೆ ಬಕೆಟ್ ದೂರ ಸರಿಸಿ, ತಲೆಯ ಕೆಳಗೆ ಟವೆಲ್ ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬೇಡಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಮುಖ ನೀರಿನಲ್ಲಿ ಮುಳುಗಿದ್ದರೆ, ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಡಾಕ್ಟರ ಹತ್ತಿರ ‘ಫಿಟ್ಸ್ ಬಂತು’ ಎಂದಷ್ಟೇ ಹೇಳಿ ಬರಬೇಡಿ. ತಲೆಗೆ ಎಷ್ಟು ಬಿಸಿಯ ನೀರು ಹಾಕಿದಿರಿ, ಎಷ್ಟನೇ ಚೊಂಬಿಗೆ ಬಂತು, ಬೇರೆ ಹೊತ್ತಿನಲ್ಲೂ ಬರುತ್ತದೆಯೇ ಎಂಬುದನ್ನೂ ಹೇಳಿ. ಸ್ನಾನದಲ್ಲಿ ಮಾತ್ರ ಬರುವವರಿಗೆ, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಮಾತ್ರ ನುಂಗುವ ಕ್ಲೊಬಜಾಮ್ ಮಾತ್ರೆಯನ್ನು ಅವರು ಬರೆದುಕೊಡಬಹುದು. ಪಕ್ಕದ ಮನೆಯವರ ಚೀಟಿ ತೋರಿಸಿ ಅದನ್ನು ಕೊಳ್ಳಬೇಡಿ.