ಮಳೆಗಾಲ ಪೂರ್ತಿ ಶೆಡ್ಡಿನಲ್ಲಿದ್ದ ಕಾರು ಹೊಗೆ ಬಿಟ್ಟರೆ ಏನು ನೋಡಬೇಕು

ಜೂನ್‌ನಲ್ಲಿ ಶೆಡ್ಡಿಗೆ ಹೋದ ಕಾರು ಅಕ್ಟೋಬರ್‌ನಲ್ಲಿ ಹೊರಗೆ ಬಂದಾಗ ಹೊಗೆ ಬಿಡುವುದು ನಮ್ಮ ಚಿಕ್ಕಮಗಳೂರು ಕಡೆ ಹೊಸ ವಿಷಯವೇನಲ್ಲ. ಮೂಡಿಗೆರೆ, ಕೊಟ್ಟಿಗೆಹಾರ, ಬಾಳೆಹೊನ್ನೂರು ಸುತ್ತ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಲ್ಲಿ, ಕಾರು ಊರಲ್ಲಿ. ಮಳೆ ಹಿಡಿದರೆ ಜೀಪು ಮಾತ್ರ ಓಡುತ್ತದೆ, ಕಾರು ಟಾರ್ಪಾಲ್ ಹೊದ್ದು ಕೂತಿರುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಹೊಗೆ ನೋಡಿ ಗಾಬರಿಯಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಕೆಲವರು ಗಾಡಿ ನೋಡುವ ಮೊದಲೇ ‘ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು’ ಅಂದುಬಿಡುತ್ತಾರೆ (ರಿಂಗ್ ಅಂದರೆ ಪಿಸ್ಟನ್ ಸುತ್ತ ಇರುವ ಬಳೆ, ಆಯಿಲ್ ಮೇಲೆ ಹೋಗದಂತೆ ತಡೆಯುತ್ತದೆ). ಅಷ್ಟು ಅವಸರ ಬೇಡ. ಇಂಜಿನ್ ಪೂರ್ತಿ ಬಿಸಿಯಾಗುವ ತನಕ ಕಾಣುವ ಹೊಗೆಯಲ್ಲಿ ಅರ್ಧಕ್ಕರ್ಧ ಸುಳ್ಳು ಹೊಗೆ. ಬಿಸಿಯಾದ ಮೇಲೂ ಉಳಿಯುವ ಹೊಗೆಗೆ ಮಾತ್ರ ಬೆಲೆ ಕೊಡಿ.

ಕೀ ತಿರುಗಿಸುವ ಮೊದಲು ಬಾನೆಟ್ ಎತ್ತಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದರೆ ಅದರೊಳಗೆ ಇಲಿ ಸಂಸಾರ ಹೂಡಿರುವುದು ಮಲೆನಾಡಿನಲ್ಲಿ ಮಾಮೂಲು: ಸಿಪ್ಪೆ ಸುಲಿದ ಕಾಫಿ ಬೀಜ, ಅಡಿಕೆ ಸಿಪ್ಪೆಯ ನಾರು, ಕಡಿದು ಚೂರು ಮಾಡಿದ ಫಿಲ್ಟರ್ ಕಾಗದ, ಜೊತೆಗೆ ಇಲಿ ಹಿಕ್ಕೆ. ಅದನ್ನೆಲ್ಲ ತೆಗೆಯದೆ ಸೆಲ್ಫ್ ಹೊಡೆದರೆ ಕಪ್ಪು ಹೊಗೆ ಬರಬಹುದು, ಚೂರುಗಳು ಒಳಗೂ ಹೋಗಬಹುದು. ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೂ ಟಾರ್ಚ್ ಬಿಡಿ. ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ.

ಆಮೇಲೆ ಇಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್. ಇದನ್ನು ಸುಮ್ನೆ ನೋಡಿ ಒಳಗೆ ಹಾಕಬೇಡಿ, ಮೂಸಿ ನೋಡಿ. ಕಾರ್ಬೊರೇಟರ್ ಇರುವ ಹಳೇ ಮಾರುತಿ 800, ಓಮ್ನಿಗಳಲ್ಲಿ ಪೆಟ್ರೋಲ್ ಪಂಪಿನ ಡಯಾಫ್ರಮ್ ಅನ್ನುವ ಪೊರೆ ಹರಿದಿದ್ದರೆ ಪೆಟ್ರೋಲ್ ಆಯಿಲ್ ಜೊತೆ ಸೇರಿಕೊಳ್ಳುತ್ತದೆ. ಆಗ ಆಯಿಲ್ ಮಟ್ಟ ಇರಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ, ಪೆಟ್ರೋಲ್ ವಾಸನೆ ಹೊಡೆಯುತ್ತದೆ. ಅಂಥ ಆಯಿಲ್‌ನಲ್ಲಿ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಪಂಪ್ ಸರಿಮಾಡಿ ಆಯಿಲ್ ಬದಲಾಯಿಸಿ. ಆಯಿಲ್ ಮುಚ್ಚಳದ ಅಡಿ ಮಾತ್ರ ಬಿಳಿ ನೊರೆ ಅಂಟಿದ್ದರೆ ಹೆದರಬೇಡಿ, ನಮ್ಮ ಕಡೆಯ ಥಂಡಿಗೆ ಅದು ಸಹಜ. ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ, ಅದು ಬೇರೆ ಕಥೆ. ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಪೆಟ್ರೋಲ್ ವಿಷಯ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ತನಕ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಅರ್ಧ ಖಾಲಿ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್ ಹೇಗಿರುತ್ತೆ ಹೇಳಿ? ಆದಷ್ಟು ಹಳೆಯದು ತೆಗೆದು ಹೊಸದು ಹಾಕಿ.

ಕೆಲವೇ ತಿಂಗಳು ನಿಂತಿದ್ದರೆ ಇಷ್ಟು ಸಾಕು. ವರ್ಷಗಟ್ಟಲೆ ನಿಂತಿದ್ದರೆ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೆ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲ್ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಟಾಪ್ ಗೇರಿಗೆ ಹಾಕಿ ಕಾರನ್ನು ನಿಧಾನ ತಳ್ಳಿ, ಇಂಜಿನ್ ಜಾಮ್ ಆಗದೆ ತಿರುಗುತ್ತಾ ನೋಡಿ. ಗೇರ್ ನ್ಯೂಟ್ರಲ್ ಮಾಡಿ, ಕಾಯಿಲ್ ವೈರ್ ಕಳಚಿ, ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪಿನ ಫ್ಯೂಸನ್ನೂ ತೆಗೆದು, ಪ್ಲಗ್ ತೂತಿನ ಮೇಲೆ ಬಟ್ಟೆ ಹಾಕಿ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಎಲ್ಲ ಜೋಡಿಸಿ. ಒಂದು ನೆನಪಿರಲಿ: ಸ್ಟಾರ್ಟ್ ಆದಾಗ ಮೊದಲು ಬರುವ ನೀಲಿ ಹೊಗೆ ನೀವೇ ಹಾಕಿದ ಆಯಿಲ್ ಉರಿಯುತ್ತಿರುವುದು. ಅದನ್ನು ನೋಡಿ ರಿಂಗ್ ಹೋಯ್ತು ಅನ್ನಬೇಡಿ.

ಸ್ಟಾರ್ಟ್ ಮಾಡುವಾಗ ಕಾರು ಶೆಡ್ಡಿನಿಂದ ಹೊರಗಿರಲಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರೇಸ್ ಮಾಡದೆ ಐಡಲ್‌ನಲ್ಲಿ ಬಿಡಿ, ಆಯಿಲ್ ದೀಪ ಆರಿತಾ ನೋಡಿ, ಆರದಿದ್ದರೆ ಕೂಡಲೇ ಆಫ್ ಮಾಡಿ. ಟೆಂಪರೇಚರ್ ಮುಳ್ಳು ತನ್ನ ಜಾಗಕ್ಕೆ ಬಂದ ಮೇಲೆ ಒಂದು ಸುತ್ತು ಓಡಿಸಿ.

ಬಿಳಿ ಹೊಗೆಯ ವಿಷಯದಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಬರುತ್ತದೆ. ಸೈಲೆನ್ಸರ್ ತಣ್ಣಗಿದ್ದರೆ ಅದು ಅಲ್ಲೇ ನೀರಾಗುತ್ತದೆ, ಜೊತೆಗೆ ಮಳೆಗಾಲದ ತೇವ. ಹಾಗಾಗಿ ಬೆಳಿಗ್ಗೆ ತೆಳ್ಳಗೆ ಬಿಳಿ ಆವಿ ಬಂದು, ಪೈಪಿನಿಂದ ಒಂದೆರಡು ಅಡಿ ದೂರದಲ್ಲೇ ಕರಗಿಹೋದರೆ ಏನೂ ಮಾಡಬೇಕಿಲ್ಲ. ಮುಳ್ಳು ಮೇಲೇರಿದ ಮೇಲೂ ದಟ್ಟವಾಗಿ ಬಂದು, ಅಂಗಳದಲ್ಲೇ ತೇಲಿಕೊಂಡು ನಿಂತರೆ ಕೂಲಂಟ್ ಉರಿಯುತ್ತಿದೆ ಅಂತ ಅನುಮಾನಪಡಿ. ಕೂಲಂಟ್ ಆದರೆ ಸಿಹಿ ವಾಸನೆ ಇರುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಹಳೇ ಗಾಡಿಗಳ ರೇಡಿಯೇಟರ್‌ನಲ್ಲಿರುವುದು ಬರೀ ನಲ್ಲಿ ನೀರು. ಅಲ್ಲಿ ಸಿಹಿ ವಾಸನೆ ಹುಡುಕಿದರೆ ಸಿಗುವುದಿಲ್ಲ! ಅದಕ್ಕೇ ಆ ಮಾರ್ಕರ್ ಗೆರೆ. ಇಂಜಿನ್ ಪೂರ್ತಿ ಆರಿದ ಮೇಲೆ ಮಟ್ಟ ಮತ್ತೆ ನೋಡಿ. ಎಲ್ಲೂ ಸೋರದೆ ದಿನಾ ಇಳಿಯುತ್ತಿದ್ದರೆ ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಕಡೆಗೆ ಬೆರಳು ತೋರಿಸಬಹುದು. ಪ್ಲಗ್ ಬಿಚ್ಚಿ ನೋಡಿದಾಗ ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ನೀರು ಹೋಗುತ್ತಿರುವುದು ಅದೇ ಸಿಲಿಂಡರ್‌ಗೆ. ಹೀಗಿರುವ ಗಾಡಿಯನ್ನು ಓಡಿಸಿಕೊಂಡು ಹಾಸನಕ್ಕೆ ಹೋಗುವ ಸಾಹಸ ಬೇಡ, ಎಳೆಸಿಕೊಂಡು ಹೋಗಿ. ಮತ್ತೆ, ಬಿಸಿ ರೇಡಿಯೇಟರ್ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬೇಡಿ.

ನೀಲಿ ಹೊಗೆ ಅಂದರೆ ಆಯಿಲ್. ಎಲ್ಲಿಂದ ಅನ್ನುವುದನ್ನು ಹೊಗೆ ಬರುವ ಹೊತ್ತೇ ಹೇಳುತ್ತದೆ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಬಂದು ನಿಂತರೆ ವಾಲ್ವ್ ಸೀಲ್, ಅಂದರೆ ವಾಲ್ವ್ ಸಂದಿಯಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್, ಹಾಳಾಗಿದೆ. ನಿಂತ ಗಾಡಿಯಲ್ಲಿ ಆ ರಬ್ಬರ್ ಗಟ್ಟಿಯಾಗಿರುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ನಮಗೆ ಘಾಟಿ ಇದೆಯಲ್ವಾ? ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಎಕ್ಸಲೇಟರ್ ಬಿಟ್ಟು ಗೇರಿನಲ್ಲೇ ಇಳಿಸಿ, ತಿರುವು ದಾಟಿ ಮತ್ತೆ ಒತ್ತಿದಾಗ ಹಿಂದೆ ನೀಲಿ ಮೋಡ ಎದ್ದರೆ ಸೀಲೇ. ಇಳಿಯುವಾಗ ಇಂಜಿನ್ ಒಳಗೆ ವ್ಯಾಕ್ಯೂಮ್ ಜಾಸ್ತಿಯಾಗಿ ವಾಲ್ವ್ ಆಡುವ ಗೈಡ್ ಮೂಲಕ ಆಯಿಲ್ ಎಳೆದುಕೊಂಡಿರುತ್ತದೆ. ಕನ್ನಡಿ ನೋಡುವ ಕೆಲಸ ಪಕ್ಕದಲ್ಲಿ ಕೂತವರಿಗಿರಲಿ. ಅದೇ ಘಾಟಿ ಹತ್ತುವಾಗ, ಲೋಡ್ ಬಿದ್ದಷ್ಟು ಹೊತ್ತೂ ನೀಲಿ ಬರುತ್ತಿದ್ದರೆ ರಿಂಗ್ ಕಡೆ ಅನುಮಾನ. ಆಗಲೂ ಮೊದಲು ಆಯಿಲ್ ಮಟ್ಟ ಜಾಸ್ತಿಯಾಗಿದೆಯಾ, ಇಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಪಿಸಿವಿ ವಾಲ್ವ್ ಜಿಡ್ಡುಗಟ್ಟಿದೆಯಾ ನೋಡಿ, ಇವೆರಡೂ ಕಡಿಮೆ ಖರ್ಚಿನ ಕೆಲಸ. ನಿಂತ ಗಾಡಿಯ ರಿಂಗ್ ಸವೆದಿರುವುದಕ್ಕಿಂತ ಅಂಟಿಕೊಂಡಿರುವ ಸಾಧ್ಯತೆಯೂ ಇದೆ, ಹೊಸ ಆಯಿಲ್ ಹಾಕಿ ಕಡೂರು ರೋಡಿನಲ್ಲಿ ಒಂದಷ್ಟು ದಿನ ಚೆನ್ನಾಗಿ ಓಡಿಸಿದರೆ ಎಷ್ಟೋ ಸಲ ತಾನೇ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಮಿಕ್ಕವಕ್ಕಿಂತ ತುಂಬ ಕಡಿಮೆ ತೋರಿಸಿ, ಅದಕ್ಕೆ ಸ್ವಲ್ಪ ಆಯಿಲ್ ಬಿಟ್ಟ ಕೂಡಲೇ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಟೆಸ್ಟ್ ಮಾಡದೆ ಇಂಜಿನ್ ಇಳಿಸಲು ಒಪ್ಪಬೇಡಿ.

ಕಪ್ಪು ಹೊಗೆ ಸುಲಭ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್, ಅಂಟಿಕೊಂಡ ಚೋಕ್, ಕಾರ್ಬೊರೇಟರ್‌ಗೆ ಪೆಟ್ರೋಲ್ ಬಿಡುವ ಫ್ಲೋಟ್ ನೀಡಲ್ ನೋಡಿ. ಇಂಜೆಕ್ಷನ್ ಗಾಡಿಯಾದರೆ ಸ್ಕ್ಯಾನರ್ ಹಾಕಿಸಿ. ಇಲಿ ಕಡಿದ ಸೆನ್ಸರ್ ವೈರ್ ಸಿಕ್ಕರೆ ಆಶ್ಚರ್ಯಪಡಬೇಡಿ.

ಡೀಸೆಲ್ ಜೀಪಿಗೆ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಚಳಿಗೆ ಬರುವ ಬಿಳಿ ಹೊಗೆ ಕಣ್ಣು ಉರಿಸುತ್ತದೆ, ಹಸಿ ಡೀಸೆಲ್ ವಾಸನೆ ಇರುತ್ತದೆ. ಅದು ನೀರಲ್ಲ, ಉರಿಯದೆ ಉಳಿದ ಡೀಸೆಲ್. ಸ್ಟಾರ್ಟ್‌ಗೆ ಮೊದಲು ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ಇದ್ದರೆ ಅದನ್ನು ಚೆಕ್ ಮಾಡಿ, ಡೀಸೆಲ್ ಫಿಲ್ಟರ್ ಅಡಿಯ ಸ್ಕ್ರೂ ಸಡಿಲಿಸಿ ನಿಂತ ನೀರು ಬಿಡಿ, ಆಮೇಲೆ ಲೈನಿನ ಗಾಳಿ ತೆಗೆಯಿರಿ. ಇಷ್ಟಾಗಿ ಬಿಸಿಯಾದ ಮೇಲೂ ಬಿಳಿ ಹೊಗೆ ಹೋಗದಿದ್ದರೆ ಇಂಜೆಕ್ಟರ್ ಬಿಚ್ಚಿಸಿ ಪಂಪ್ ಕೆಲಸದವರ ಹತ್ತಿರ ಟೆಸ್ಟ್ ಮಾಡಿಸಿ, ಬಿಚ್ಚಿದಾಗಲೇ ಆ ತೂತಿನಿಂದ ಕಂಪ್ರೆಷನ್ನೂ ನೋಡಿಸಿಬಿಡಿ.