ನೋಟ್ಸ್ ಬರೆಸದೆ ಕನ್ನಡ ಕಲಿಸಿದ್ದು, ಮಕ್ಕಳ ಮನೆಯವರನ್ನು ಒಪ್ಪಿಸಿದ್ದು: ನನ್ನ ಅನುಭವ

ಮಗು ಆರನೇ ಕ್ಲಾಸಿಗೆ ಬಂದ ಕೂಡಲೇ ಮನೆಯವರು ಕನ್ನಡ ಮೇಷ್ಟ್ರಿಂದ ಬಯಸುವುದು ಮೂರೇ. ತುಂಬಿದ ನೋಟ್ಸು, ದುಂಡಗಿನ ಅಕ್ಷರ, ಪುಟಕ್ಕೊಂದು ಕೆಂಪು ರೈಟ್ ಮಾರ್ಕು. ಈ ಮೂರನ್ನೂ ನಾನು ಕೊಡುವುದು ನಿಲ್ಲಿಸಿ ನಾಲ್ಕೈದು ವರ್ಷವಾಯಿತು. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಹಳ್ಳಿ ಶಾಲೆ ನಮ್ಮದು. ಆರು, ಏಳು, ಎಂಟಕ್ಕೆ ಕನ್ನಡ ನನ್ನದೇ. ಶುರುವಿನಲ್ಲಿ ಸ್ಟಾಫ್ ರೂಮಿನಲ್ಲೇ ಯಾರೂ ನಂಬಲಿಲ್ಲ. "ಇದೆಲ್ಲ ನಮ್ಮ ಕಡೆ ನಡೆಯಲ್ಲ ಸಾರ್, ನೋಟ್ಸ್ ಇಲ್ಲ ಅಂದ್ರೆ ಟಿ.ಸಿ. ಕೇಳ್ತಾರೆ" ಅಂದರು. ಈಗ ಅವರಲ್ಲೇ ಇಬ್ಬರು ಸಮಾಜ ವಿಜ್ಞಾನಕ್ಕೂ ಇದೇ ದಾರಿ ಹಿಡಿದಿದ್ದಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೋಟ್ಸಿನ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. ಬೋರ್ಡ್ ಮೇಲೆ ಪ್ರಶ್ನೋತ್ತರ ಬರೆದರೆ ಮುತ್ತಿನ ಹಾಗೆ ಇಳಿಸಿಕೊಳ್ಳುತ್ತಾರೆ. ತಾವೇ ಬರೆದ ಆ ಉತ್ತರವನ್ನು ಓದು ಅಂದರೆ ಎರಡನೇ ಒತ್ತಕ್ಷರಕ್ಕೆ ನಿಲ್ಲುತ್ತಾರೆ. ಮೂರನೇ ಕ್ಲಾಸಿನವರೆಗೆ ನಲಿ-ಕಲಿಯ ಚಟುವಟಿಕೆ ಕಾರ್ಡುಗಳಲ್ಲಿ ಕಲಿತು ಬಂದ ಮಕ್ಕಳಿಗೆ ಆರನೇ ಕ್ಲಾಸಿನಲ್ಲಿ ಉದ್ದದ ಗದ್ಯಪಾಠ ಎದುರಾಗುತ್ತದೆ. ಜೊತೆಗೆ ಹಿಂದಿ ಬೇರೆ ಹೊಸದು. ಆ ಹೊತ್ತಿನಲ್ಲಿ ಕೈಗೆ ಕೆಲಸ ಕೊಟ್ಟು ಬಾಯಿ ಮುಚ್ಚಿಸಿದರೆ ಎಂಟನೇ ಕ್ಲಾಸಿನವರೆಗೂ ಹಾಗೇ ದಾಟಿಬಿಡುತ್ತಾರೆ.

ನಾನು ಮಾಡಿದ್ದು ಇಷ್ಟು. ಪಾಠದ ಪ್ರಶ್ನೆಗಳಿಗೆ ಬಾಯಲ್ಲೇ ಉತ್ತರ, ಅದರಲ್ಲಿ ಒಂದೋ ಎರಡೋ ಮಾತ್ರ ಬರವಣಿಗೆಗೆ, ಅದೂ ಅವರವರ ಮಾತಿನಲ್ಲಿ. ದಿನಾ ಐದು ಸ್ವಂತ ಸಾಲು. ಮನೆಯಲ್ಲಿ ಹತ್ತು ನಿಮಿಷ ಗಟ್ಟಿಯಾಗಿ ಓದು. ಗೈಡ್ ಶಾಲೆಗೆ ತರುವ ಹಾಗಿಲ್ಲ.

ಕ್ಲಾಸಿನೊಳಗೆ ಇದು ಬೇಗ ಕೂತುಕೊಂಡಿತು. ಕಷ್ಟವಾಗಿದ್ದು ಮನೆಯವರ ವಿಷಯದಲ್ಲಿ. ಮಗುವಿನ ಬುಕ್ ಅರ್ಧ ಖಾಲಿ, ಇರುವ ಪುಟದಲ್ಲೂ ಹೊಡೆದು ಹಾಕಿದ ಸಾಲುಗಳು. ಕೂಲಿ ಮಾಡಿ ಬುಕ್ ಕೊಡಿಸಿದ ತಾಯಿಗೆ ಅದನ್ನು ನೋಡಿದರೆ ಸಿಟ್ಟು ಬರುವುದು ನ್ಯಾಯವೇ. ಈ ವರ್ಷ ಕನ್ನಡದ ಪಿರಿಯಡ್ಡಿನಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಅಂತ ಜೂನ್‌ನಲ್ಲೇ ಹೇಳಬೇಕು ಅನ್ನಿಸಿತು. ಹೇಳುವುದು ಹೇಗೆ?

ಮೊದಲು ಒಂದು ಪುಟದ ಪತ್ರ ಬರೆದು ಜೆರಾಕ್ಸ್ ಮಾಡಿಸಿದೆ. ಮೂರು ಕ್ಲಾಸಿಗೆ ಸೇರಿ ಎಂಬತ್ತರ ಹತ್ತಿರ ಪ್ರತಿ. ಒಬ್ಬರೂ ಒಂದು ಮಾತು ಕೇಳಲಿಲ್ಲ. ಎಷ್ಟೋ ಮನೆಗಳಲ್ಲಿ ಓದುವವರೇ ಇಲ್ಲ, ಓದು ಬಂದವರಿಗೆ ಪುರುಸೊತ್ತಿಲ್ಲ. ಆಮೇಲೆ ಪೋಷಕರ ಸಭೆ ಕರೆದೆ. ಬಿತ್ತನೆ ಹೊತ್ತು, ಬಂದವರು ಆರೋ ಏಳೋ ಜನ, ಅದರಲ್ಲಿ ಮೂವರು ಶಾಲೆಯ ಸಮಿತಿ ಎಸ್‌ಡಿಎಂಸಿಯವರೇ. ವಾಟ್ಸಾಪ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ಅಡಿಗೆ ಅದೂ ಹೋಯಿತು. ಆ ವರ್ಷ ಎಫ್‌ಎ-2 ಕಿರುಪರೀಕ್ಷೆಯಲ್ಲಿ ಅಂಕ ಸ್ವಲ್ಪ ಇಳಿದವು ಬೇರೆ. ಎರಡು ಮಕ್ಕಳನ್ನು ಬಿಡಿಸಿ ಪೇಟೆಯ ಖಾಸಗಿ ಶಾಲೆಗೆ ಹಾಕಿದರು. ಅಲ್ಲಿ ಚೆನ್ನಾಗಿ ನೋಟ್ಸ್ ಕೊಡುತ್ತಾರಂತೆ.

ಎರಡನೇ ವರ್ಷ ಅದೇ ಪತ್ರವನ್ನು ಮಕ್ಕಳ ಕೈಯಲ್ಲೇ ಬರೆಸಿದೆ. ಜೆರಾಕ್ಸ್ ಇಲ್ಲ. ನಾನು ಉಕ್ತಲೇಖನ ಕೊಟ್ಟೆ, ಅವರು ಬರೆದುಕೊಂಡರು. ರಾತ್ರಿ ಊಟ ಆದ ಮೇಲೆ ಮನೆಯವರ ಮುಂದೆ ಗಟ್ಟಿಯಾಗಿ ಓದಬೇಕು, ಕೇಳಿದವರು ಏನಂದರೋ ಅದನ್ನು ಅವರ ಮಾತಿನಲ್ಲೇ ಕೆಳಗೆ ಬರೆದುಕೊಂಡು ಬರಬೇಕು. ಅಷ್ಟೇ. ಮರುದಿನ ಕಂತೆ ಕೈಗೆ ಬಂದಾಗ ಎರಡು ಪಿರಿಯಡ್ ಅದನ್ನೇ ಓದಿಸಿದೆ. "ಮೇಷ್ಟ್ರಿಗೆ ಹೇಳು, ಅಕ್ಷರ ದುಂಡಗೆ ಮಾಡ್ಸಿ ಅಂತ." "ನಂಗೆ ಓದಾಕೆ ಬರಲ್ಲ, ನೀನು ಓದು, ಕುತ್ಕಂಡು ಕೇಳ್ತೀನಿ." ಪತ್ರ ಮನೆ ಮುಟ್ಟಿತು, ಉತ್ತರವೂ ಬಂತು, ಮಗುವಿನ ಓದು ಬರಹ ಎರಡೂ ಆಯಿತು. ಇದಕ್ಕಿಂತ ಒಳ್ಳೆಯ ಹೋಂವರ್ಕ್ ನಾನಂತೂ ಇದುವರೆಗೆ ಕೊಟ್ಟಿಲ್ಲ.

ಪತ್ರದಲ್ಲಿ ಏನಿದೆ ಅಂತ ಸುಮಾರು ಜನ ಕೇಳುತ್ತಾರೆ. ನೋಟ್ಸ್ ಬುಕ್ ತುಂಬಿರುವುದಿಲ್ಲ, ಹೊಡೆದು ಹಾಕಿದ ಸಾಲು ಇರುತ್ತವೆ, ಅದು ಮಗು ಯೋಚನೆ ಮಾಡಿದ ಗುರುತು ಅಂತ ಬರೆಯುತ್ತೇನೆ. ದಸರಾ ರಜೆಯವರೆಗೆ ಅಂಕ ನೋಡಿ ಗಾಬರಿಯಾಗಬೇಡಿ ಅಂತಲೂ ಇದೆ. ಮಗು ಓದುವಾಗ ನಿಂತರೆ ತಕ್ಷಣ ಹೇಳಿಕೊಡಬೇಡಿ, ಬೈಯಬೇಡಿ, ಅದೇ ತಡವರಿಸಿ ದಾಟಲಿ. ನಿಮಗೆ ಓದು ಬರದಿದ್ದರೂ ಪರವಾಗಿಲ್ಲ, ಟಿವಿ ಆರಿಸಿ ಹತ್ತಿರ ಕೂತರೆ ಸಾಕು. ಎಂಟನೇ ಕ್ಲಾಸಿನವರ ಪತ್ರಕ್ಕೆ ಒಂದು ಮಾತು ಜಾಸ್ತಿ: ಹಳಗನ್ನಡ ಪದ್ಯ ಮನೆಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ, ಅದನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

ಜಗಳ ಜಾಸ್ತಿ ಬಂದಿದ್ದು ತಪ್ಪು ತಿದ್ದುವ ವಿಷಯಕ್ಕೆ. ನಾನು ಹದಿನೈದು ದಿನಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ತಿದ್ದುತ್ತೇನೆ. ಒಮ್ಮೆ ಅಕಾರ-ಹಕಾರ, ಆಮೇಲೆ ಒತ್ತಕ್ಷರ, ಆಮೇಲೆ ದೀರ್ಘ, ಸ-ಶ ಎಲ್ಲಕ್ಕಿಂತ ಕೊನೆಗೆ. ಒಬ್ಬ ಹುಡುಗಿಯ ಪುಟ ಹೀಗಿತ್ತು: "ಅವ್ವ ಸೇಂಗ ಬಿಡುಸ್ತಾಳೆ. ನಾನು ಬಿಡುಸ್ತಿನಿ. ಒಂದು ಡಬ್ಬ ಬಿಡುಸಿದರೆ ದುಡ್ಡು ಕೊಡ್ತರೆ. ಉಗುರು ನೋಯುತೆ. ಅವ್ವನ ಎಬ್ಬೆಟ್ಟು ಕಪ್ಪಗೆ ಆಗಿದೆ." ನಾನು 'ಎಬ್ಬೆಟ್ಟು' ಒಂದಕ್ಕೇ ಸುತ್ತು ಹಾಕಿದ್ದೆ. ಆ ಹದಿನೈದು ದಿನ ಹಕಾರದ್ದು. ಅಪ್ಪ ಬುಕ್ ಹಿಡಿದುಕೊಂಡೇ ಬಂದರು. "ಏನ್ ಸಾರ್, ಇಷ್ಟೊಂದು ತಪ್ಪೈತೆ, ನೀವು ಒಂದಕ್ಕೇ ಸುತ್ತು ಹಾಕೀರಿ." ಅವರನ್ನು ಕೂರಿಸಿ ಹಿಂದಿನ ಪುಟಗಳನ್ನು ತಿರುಗಿಸಿದೆ. ಜೂನ್‌ನಲ್ಲಿ 'ಅಸು, ಆಲು, ಓಗು' ಅಂತಿದ್ದದ್ದು ಈಗ ಹಸು, ಹಾಲು, ಹೋಗು ಆಗಿತ್ತು. ಮತ್ತೆ ಕೊನೆಯ ಸಾಲನ್ನು ಅವರಿಗೆ ಓದಿ ಹೇಳಿದೆ. ಅವ್ವನ ಹೆಬ್ಬೆಟ್ಟು ಕಪ್ಪಗಾಗಿದೆ ಅನ್ನುವುದನ್ನು ಯಾವ ಗೈಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವತ್ತಿನಿಂದ ಅವರು ನನ್ನ ಕಡೆಯ ಮನುಷ್ಯ.

ಎಲ್ಲ ತಪ್ಪಿಗೂ ಕೆಂಪು ಹಾಕಿದರೆ ಮಗು ಮರುದಿನ ಐದು ಸಾಲಿನ ಬದಲು ಎರಡು ಸಾಲು ಬರೆಯುತ್ತದೆ, ಅದೂ ತನಗೆ ಖಂಡಿತ ಗೊತ್ತಿರುವ ಪದಗಳಲ್ಲಿ. ನೀವೂ ನೋಡಿರುತ್ತೀರಿ, ಅಲ್ವಾ?

ನಮ್ಮ ಕಡೆ, ಮೊಳಕಾಲ್ಮುರು ಕಡೆ, ಇನ್ನೊಂದು ಮಾತಿದೆ. ಎಷ್ಟೋ ಮನೆಗಳಲ್ಲಿ ಮಾತಾಡುವುದು ತೆಲುಗು. ತಾಂಡಾದಲ್ಲಿ ಲಂಬಾಣಿ, ಕೆಲವು ಮನೆಯಲ್ಲಿ ಉರ್ದು. "ಮನೆಯಲ್ಲಿ ಕನ್ನಡ ಮಾತಾಡಿ" ಅಂತ ಹೇಳಿಸಿ ನೋಡಿದೆ. ಕೆಲಸಕ್ಕೆ ಬರಲಿಲ್ಲ. ತಾಯಿ ಮಗುವಿನ ಜೊತೆ ಮಾತೇ ಕಮ್ಮಿ ಮಾಡಿದಳು. ಈಗ ಹೇಳುವುದೇ ಬೇರೆ: ನೀವು ತೆಲುಗಿನಲ್ಲೇ ಹೇಳಿ, ಮಗು ಅದನ್ನು ಕನ್ನಡಕ್ಕೆ ತಂದು ಬರೆಯುತ್ತದೆ. ಆ ಮಕ್ಕಳ ಬರಹ ಉಳಿದವರಿಗಿಂತ ಗಟ್ಟಿಯಾಯಿತು. ಒಂದೊಂದು ಮಾತಿಗೂ ತಡಕಾಡಿ ಪದ ಹುಡುಕುತ್ತಾರಲ್ಲ, ಅದಕ್ಕೇ ಇರಬೇಕು. ಈ ವರ್ಷ ಸುತ್ತಲ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಸ್ಪರ್ಧೆಯಲ್ಲಿ ಆಶುಭಾಷಣಕ್ಕೆ ಮೊದಲು ಬಂದದ್ದು ತೆಲುಗು ಮನೆಯ ಹುಡುಗ. ತೀರ್ಪುಗಾರರು ಎರಡು ಸಲ ಊರಿನ ಹೆಸರು ಕೇಳಿದರು.

ದುಡ್ಡಿನ ವಿಷಯ ಬಿಚ್ಚಿ ಹೇಳುತ್ತೇನೆ, ಇದನ್ನು ಯಾರೂ ಬರೆಯುವುದಿಲ್ಲ. ಮೊದಲ ವರ್ಷ ನನ್ನ ಜೇಬಿನಿಂದ ನಾಲ್ಕು-ಐದು ಸಾವಿರ ಹೋಯಿತು. ಅರ್ಧಕ್ಕಿಂತ ಜಾಸ್ತಿ ಸ್ವಂತ ಸಾಲಿನ ಬುಕ್ಕುಗಳಿಗೆ. ಹೋಲ್‌ಸೇಲಿನಲ್ಲಿ ನೂರು ಪುಟದ್ದು ಇಪ್ಪತ್ತು ರೂಪಾಯಿ ಆಸುಪಾಸು ಬಿತ್ತು. ದಾವಣಗೆರೆಗೆ ಮದುವೆಗೆ ಹೋದಾಗ ಹಳೆ ಪುಸ್ತಕದವರ ಹತ್ತಿರ ಮಕ್ಕಳ ಪತ್ರಿಕೆಗಳ ಕಟ್ಟು ತೂಕದ ಲೆಕ್ಕದಲ್ಲಿ ತಂದೆ, ಮುನ್ನೂರೋ ಏನೋ ಕೊಟ್ಟೆ. ಅಷ್ಟು ದುಡ್ಡಿಗೆ ಅದಕ್ಕಿಂತ ಒಳ್ಳೆಯ ಓದು ಸಾಮಗ್ರಿ ಸಿಗಲ್ಲ. ಬಣ್ಣದ ಫ್ಲ್ಯಾಶ್ ಕಾರ್ಡ್ ಸೆಟ್ಟಿಗೆ ಎಂಟುನೂರು ಹಾಕಿದ್ದು ಸುಮ್ನೆ ಹೋಯಿತು, ಆರನೇ ಕ್ಲಾಸಿನವರಿಗೆ ಅದು ಚಿಕ್ಕ ಮಕ್ಕಳ ಆಟ ಅನ್ನಿಸಿತು. ಮನೆಯವರಿಗೆ ಮಾತ್ರ ಒಂದು ರೂಪಾಯಿ ಖರ್ಚು ಹೊರಿಸಿಲ್ಲ. ಗೈಡಿನ ನೂರೈವತ್ತು ಇನ್ನೂರು ಉಳಿದಿದ್ದನ್ನು ಅವರೇ ಗಮನಿಸಿ ಹೇಳಿದರು.

ಇಷ್ಟಾದರೂ ಪೂರ್ತಿ ನಂಬಿಕೆ ಬಂದದ್ದು ಫೋನಿನಿಂದ. ಜೂನ್‌ನಲ್ಲಿ ಪ್ರತಿ ಮಗುವಿನ ಒಂದು ನಿಮಿಷದ ಓದನ್ನು ರೆಕಾರ್ಡ್ ಮಾಡಿ ಇಟ್ಟೆ. ಶೇಂಗಾ ಕೀಳುವ ಕೆಲಸ ಮುಗಿದ ಮೇಲೆ, ನವೆಂಬರ್ ಕೊನೆಗೆ, ಅದೇ ಪುಟವನ್ನು ಮತ್ತೆ ಓದಿಸಿ ರೆಕಾರ್ಡ್ ಮಾಡಿದೆ. ಸಭೆಗೆ ಬಂದವರಿಗೆ ಒಬ್ಬೊಬ್ಬರಿಗೇ ಪಕ್ಕಕ್ಕೆ ಕರೆದು ಎರಡನ್ನೂ ಒಂದಾದ ಮೇಲೊಂದು ಕೇಳಿಸಿದೆ. ಮಾತು ಬೇಕಾಗಲಿಲ್ಲ. ಒಬ್ಬ ತಾಯಿ ಜೂನ್‌ದನ್ನು ಎರಡು ಸಲ ಹಾಕಿಸಿ ಕೇಳಿ, "ಇದು ನಮ್ಮುಡುಗಂದೇನಾ ಮೇಷ್ಟ್ರೆ?" ಅಂದರು. ಮುಂದಿನ ಸಭೆಗೆ ಕರೆಯದೆ ಜನ ಬಂದರು. ಮಕ್ಕಳ ಕಲಿಕೆಯನ್ನು ಮನೆಯವರ ಮುಂದಿಡುವ ಏಪ್ರಿಲ್ 10ರ 'ಸಮುದಾಯದತ್ತ ಶಾಲೆ' ದಿನ ಕುರ್ಚಿ ಸಾಲದೆ ಬಿಸಿಯೂಟದ ಕೋಣೆಯಿಂದ ಚಾಪೆ ತರಿಸಿದೆವು.

ಲೆಕ್ಕ ಕೇಳುವವರಿಗೆ: ಮೂವತ್ತರ ಆಸುಪಾಸಿನ ಆರನೇ ಕ್ಲಾಸಿನಲ್ಲಿ ಜೂನ್‌ಗೆ ಒಂದು ಪ್ಯಾರಾ ನಿಲ್ಲದೆ ಓದುತ್ತಿದ್ದವರು ಹತ್ತು ಜನ ಇದ್ದಿರಬಹುದು. ಫೆಬ್ರವರಿ ಹೊತ್ತಿಗೆ ಇಪ್ಪತ್ತೈದು ದಾಟಿತು. ಎಸ್‌ಎ-2ರಲ್ಲಿ, ಅಂದರೆ ವರ್ಷದ ಕೊನೆಯ ಪರೀಕ್ಷೆಯಲ್ಲಿ, ಇಳಿದ ಅಂಕ ವಾಪಸ್ ಬಂದು ಮೇಲಕ್ಕೂ ಹೋಯಿತು. ಪ್ರಬಂಧ, ಪತ್ರ, ಗಾದೆ ವಿಸ್ತರಣೆಯಲ್ಲಿ ಒಬ್ಬರದ್ದರ ಹಾಗೆ ಇನ್ನೊಬ್ಬರದು ಇರಲಿಲ್ಲ. ತಿದ್ದುವವನಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ. ತಪಾಸಣೆಗೆ ಬಂದ ಒಬ್ಬ ಅಧಿಕಾರಿ ಮೊದಲು ಖಾಲಿ ಪುಟ ನೋಡಿ ಹುಬ್ಬು ಗಂಟು ಹಾಕಿದರು. ಅವರ ಕೈಗೆ ಸ್ವಂತ ಸಾಲಿನ ಬುಕ್ ಕೊಟ್ಟೆ. ಅರ್ಧ ಗಂಟೆ ಅದನ್ನೇ ಓದುತ್ತಾ ಕೂತರು.

ಓದಲು ಯಾರನ್ನು ಯಾರ ಪಕ್ಕ ಕೂರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಜಾಣ-ದಡ್ಡ ಅಂತ ಜೋಡಿ ಮಾಡುವುದಿಲ್ಲ, ಅಷ್ಟು ಹೇಳುತ್ತೇನೆ. ಬಾಯಿಯೇ ಬಿಡದ ಮಕ್ಕಳಿಗೂ ಒಂದು ಉಪಾಯ ಇದೆ, ಅದು ನಮ್ಮ ಶಾಲೆಗೆ ಬಂದವರಿಗೆ ಮಾತ್ರ.

ನಡುವೆ ಬೇರೆ ಬೇರೆ ಪ್ರಯೋಗವೂ ನಡೆದವು. ಗೋಡೆ ಪತ್ರಿಕೆ ಮೂರು ಸಂಚಿಕೆಗೆ ನಿಂತಿತು, ದುಂಡಗೆ ಬರೆಯುವ ಇಬ್ಬರೇ ಎಲ್ಲ ಬರೆಯುವಂತಾಯಿತು. ಭಾಮಿನಿ ಷಟ್ಪದಿ ಪದ್ಯದ ಮೂರು, ಆಮೇಲೆ ನಾಲ್ಕು ಮಾತ್ರೆಯ ಲಯವನ್ನು ಚಪ್ಪಾಳೆಯಲ್ಲಿ ಹಾಕಿಸಿದ್ದು ಗೆದ್ದಿತು, ಮನೆಯಲ್ಲಿ ತಮ್ಮ ತಂಗಿಗೂ ಕಲಿಸಿದ್ದಾರೆ. ಸಂಧಿಗೆ ಮನೆಮಾತನ್ನೇ ಆರಿಸಿ ತರಲು ಹೇಳಿದೆ. ಮಳೆಗಾಲ ಅಂತ ಅಜ್ಜ ಅಂದರೆ ಅದು ಆದೇಶ ಸಂಧಿ, ಹೊಲವನ್ನು ಅಂದರೆ ಆಗಮ. ಅಜ್ಜಿಯರು ಹಾಡುವ ಪದ ಬರೆದು ತನ್ನಿ ಅಂದಾಗ ಗೊಲ್ಲರಹಟ್ಟಿ ಮಕ್ಕಳು ತಂದದ್ದು ನೋಡಿ ನಾನೇ ಸುಮ್ಮನಾದೆ. ಅಕ್ಷರ ಕಲಿಯದೆ ನೂರಾರು ಪದ ನೆನಪಿನಲ್ಲಿ ಇಟ್ಟುಕೊಂಡಿದ್ದ ಜನಪದ ಹಾಡುಗಾರ್ತಿ ಸಿರಿಯಜ್ಜಿ ನಮ್ಮ ತಾಲ್ಲೂಕಿನ ಗೊಲ್ಲರಹಟ್ಟಿಯವರು. ಓದು ಬಾರದ ಮನೆಯಿಂದ ಮಗುವಿನ ಕನ್ನಡಕ್ಕೆ ಏನು ಸಿಗುತ್ತದೆ ಅಂತ ಯಾರಾದರೂ ಕೇಳಿದರೆ ಆ ಅಜ್ಜಿಯ ಹೆಸರು ಹೇಳುತ್ತೇನೆ.

ಇದನ್ನು ಶುರು ಮಾಡುವವರು ರೆಕಾರ್ಡಿಂಗ್‌ಗೆ ಬೇರೆ ಮೆಮೊರಿ ಕಾರ್ಡ್ ಇಟ್ಟುಕೊಳ್ಳಿ, ನಾನು ನಾನೂರು ಚಿಲ್ಲರೆ ಕೊಟ್ಟೆ. ಫೈಲಿಗೆ ಮಗುವಿನ ಹೆಸರು ಬೇಡ, ಹಾಜರಿ ನಂಬರ್ ಸಾಕು. ಗ್ರೂಪಿಗೆ ಮಾತ್ರ ಹಾಕಬೇಡಿ, ಆ ಮಗುವಿನ ಮನೆಯವರಿಗೇ ಕೇಳಿಸಿ. ಮತ್ತೆ ಜೂನ್ ಮೊದಲ ವಾರದಲ್ಲೇ ಮಾಡಿ, ಜುಲೈಗೆ ಬಿಟ್ಟರೆ ಬಿತ್ತನೆಗೆ ಹೋದ ಮಕ್ಕಳು ಸಿಗುವುದಿಲ್ಲ.