ದಿನಕ್ಕೆ ಐದು ಮಾತು: ಜರ್ಮನಿಯ ಫೌಂಡ್ರಿಯಲ್ಲಿ ನನ್ನ ಅನುಭವ

ಬೆಳಗಿನ ಪಾಳಿ. ಫರ್ನೇಸ್‌ನಿಂದ ಕರಗಿದ ಕಬ್ಬಿಣ ಹೊರುವ ಪಾತ್ರೆ, ಅಂದರೆ ಲ್ಯಾಡಲ್, ತುಂಬಿಕೊಂಡು ಹೊರಟಿತ್ತು. ಪಾಳಿ ನೋಡಿಕೊಳ್ಳುವವರು ಆ ಗದ್ದಲದಲ್ಲೇ ನನ್ನ ಹತ್ತಿರ ಬಂದು ಕೇಳಿದರು: “ಹಾಸ್ಟ್ ಡೂ ಡೀ ಟೆಂಪರಾಟೂರ್ ನಿಖ್ಟ್ ಗೆಮೆಸ್ಸನ್?” ಟೆಂಪರೇಚರ್ ನೋಡಿಲ್ವಾ ಅಂತ. ನಾನು “ಯಾ” ಅಂದೆ. ನಮ್ಮ ಕಡೆ “ನೋಡಿಲ್ಲೇನು?” ಅಂದ್ರೆ “ಹೂಂರಿ, ನೋಡಿಲ್ಲ” ಅಂತೀವಲ್ಲ, ಆ ಹೂಂ ಅದು. ಅವರಿಗೆ ಕೇಳಿಸಿದ್ದು ‘ನೋಡಿದ್ದೀನಿ’ ಅಂತ. ತಲೆಯಾಡಿಸಿ ಹೋದರು. ಎರಕ ಹೊಯ್ದರು.

ಮರುದಿನ ಹನ್ನೆರಡು ಪಂಪ್ ಹೌಸಿಂಗ್‌ಗಳನ್ನು ಬೇರೆ ತೆಗೆದು ಇಟ್ಟಿದ್ದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ತೆಳುವಾದ ಗೋಡೆಯ ಮೇಲೆ ಕೂದಲೆಳೆಯಂಥ ಗೆರೆ. ಎರಡು ಕಡೆಯಿಂದ ಹರಿದು ಬಂದ ಕಬ್ಬಿಣ ಆರಿಹೋಗಿ, ನಡುವೆ ಒಂದಕ್ಕೊಂದು ಕೂಡದೆ ನಿಂತಿತ್ತು. ಉಗುರಿನಿಂದ ಸವರಿದರೆ ತಾಗುತ್ತಿತ್ತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ನಾವು ಕೋಲ್ಡ್ ಶಟ್ ಅನ್ನೋದು ಇದಕ್ಕೇ. ಪಾಳಿಯವರು ಒಂದೇ ಮಾತು ಹೇಳಿದರು: “ಔಸ್‌ಶುಸ್.” ರಿಜೆಕ್ಟ್. ಅವರು ಬೈಯಲಿಲ್ಲ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಾನು ಬೆಳಗಾವಿಯವನು. ಬಿಇ ಮುಗಿಸಿ ಏಳು ವರ್ಷ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡಿದೆ. ಆಮೇಲೆ ದಕ್ಷಿಣ ಜರ್ಮನಿಯ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದ ಒಂದು ಸಣ್ಣ ಊರಿನ ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತು. ಮರಳು, ಕೋರ್ (ಎರಕದೊಳಗೆ ಟೊಳ್ಳು ಬಿಡಿಸೋ ಮರಳಿನ ಅಚ್ಚು), ಕಬ್ಬಿಣ ಎಲ್ಲ ಗೊತ್ತಿದ್ದದ್ದೇ. ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ಆಗಿತ್ತು. ನರ್ಸ್ ಕೆಲಸಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1 ಅಂದ್ರೆ ಆರಂಭದ ಮಟ್ಟ, ಆಮೇಲೆ ಎ2, ಬಿ1, ಬಿ2 ಅಂತ ಮೇಲೇರುತ್ತೆ. ನನ್ನಂಥ ಇಂಜಿನಿಯರ್ ಬ್ಲೂ ಕಾರ್ಡ್ ಮೇಲೆ, ಅಂದರೆ ಪದವಿ ಇದ್ದವರಿಗೆ ಕೊಡೋ ಕೆಲಸದ ಪರವಾನಗಿ ಮೇಲೆ, ಹೋದರೆ ಭಾಷೆಯ ಪರೀಕ್ಷೆ ಕಡ್ಡಾಯವಿಲ್ಲ. ಕಡ್ಡಾಯ ಇಲ್ಲ ಅಂದಮೇಲೆ ಯಾಕೆ ಕಲಿಯಬೇಕು ಅಂದುಕೊಂಡೆ. ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಆಫೀಸಿನ ಮೀಟಿಂಗ್‌ಗಳಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಆದರೆ ಮೊದಲ ವರ್ಷ ಪೂರ್ತಿ ಶಾಪ್ ಫ್ಲೋರ್‌ನಲ್ಲೇ ಇರಬೇಕಿತ್ತು. ಅಲ್ಲಿ ಜರ್ಮನ್ ಬಿಟ್ಟರೆ ಟರ್ಕಿಶ್, ಇಟಾಲಿಯನ್. ಊಟದ ಹೊತ್ತಿಗೆ ಎಲ್ಲರೂ ಒಬ್ಬರಿಗೊಬ್ಬರು “ಮಾಲ್‌ತ್ಸೈಟ್!” ಅನ್ನುತ್ತಾ ಬಂದು ಕೂರುತ್ತಿದ್ದರು. ನಾನು ಮೂಲೆಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಿದ್ದೆ.

ರೂಮಿನಲ್ಲಿ ಇನ್ನೊಬ್ಬ ಭಾರತೀಯ ಗೆಳೆಯನಿದ್ದ. ಸಂಜೆ ಇಬ್ಬರೂ ಸೇರಿ ಅನ್ನ-ಸಾರು ಮಾಡಿಕೊಂಡು ಆ ಊರನ್ನು ಬೈಯುತ್ತಾ ಉಣ್ಣುತ್ತಿದ್ದೆವು. ಭಾನುವಾರ ಅಂಗಡಿ ಇಲ್ಲ. ರಾತ್ರಿ ಹತ್ತರ ಮೇಲೆ ಸಪ್ಪಳ ಮಾಡೋ ಹಾಗಿಲ್ಲ. ಕಸಕ್ಕೆ ನಾಲ್ಕು ಡಬ್ಬ, ಒಂದಕ್ಕೆ ಹಾಕಬೇಕಾದ್ದನ್ನು ಇನ್ನೊಂದಕ್ಕೆ ಹಾಕಿದರೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುತ್ತಾರೆ. ಆ ಬೈಗುಳ ಅನ್ನಕ್ಕೆ ಉಪ್ಪಿನಕಾಯಿ ಆಗಿತ್ತು. ಗೆಳೆಯನ ಆಸರೆ ದೊಡ್ಡದು, ಅವನಿಲ್ಲದಿದ್ದರೆ ಮೊದಲ ಚಳಿಗಾಲ ಕಳೆಯುವುದು ಕಷ್ಟವಿತ್ತು. ಆದರೆ ದಿನಾ ಬೈದುಕೊಂಡು ಮಲಗಿದವನು ಬೆಳಗ್ಗೆ ಎದ್ದು ಅದೇ ಜನರ ಜೊತೆ ಬಾಯಿ ಬಿಟ್ಟು ಮಾತಾಡೋದು ಹೇಗೆ?

ಹನ್ನೆರಡು ಹೌಸಿಂಗ್ ಹಾಳಾದ ದಿನ ಸಂಜೆ ಕಾಕಾಗೆ ಫೋನ್ ಮಾಡಿದೆ. ಕಾಕಾ ಬೈಲಹೊಂಗಲ ಕಡೆಯ ಹಳ್ಳಿಯಿಂದ ಹುಡುಗನಾಗಿದ್ದಾಗಲೇ ಬೆಳಗಾವಿಗೆ ಬಂದು ಖಡೇಬಜಾರಿನ ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವರು. ಬಂದಾಗ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಗಿರಾಕಿಗಳಲ್ಲಿ ಅರ್ಧ ಮಂದಿ ಮರಾಠಿಯವರು.

“ನಾ ಮರಾಠಿ ಹ್ಯಾಂಗ ಕಲ್ತೆ ಗೊತ್ತೇನಪಾ?” ಅಂದರು. “ಗಿರಾಕಿ ಇವತ್ತ ಏನ್ ಕೇಳಿದ್ರು, ಅದನ್ನಷ್ಟ ಕಲ್ತೆ. ದಿನಕ್ಕ ಐದು ಮಾತು. ತಪ್ಪಿದ್ರ ಅವ್ರ ತಿದ್ದಿದ್ರು. ಕನ್ನಡೇನು ನನ್ನ ಬಿಟ್ಟು ಓಡಿ ಹೋತೇನು?”

ಬೆಳಗಾವಿಯಲ್ಲಿ ಭಾಷೆ ಅಂದ್ರೆ ಸೂಕ್ಷ್ಮ ವಿಷಯ. ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಓಣಿಗಳಲ್ಲಿ ಇನ್ನೊಬ್ಬರ ಭಾಷೆ ಕಲಿತು ವ್ಯಾಪಾರ ಮಾಡಿ, ಅವರ ಮದುವೆಗೆ ಹೋಗಿ ಉಂಡು ಬಂದವರೂ ಸಾವಿರಾರು ಜನ. ನಾನೇ ಮರಾಠಿಯನ್ನು ಗಲ್ಲಿಯ ಕ್ರಿಕೆಟ್‌ನಲ್ಲಿ ಕಲಿತವನು. ಆಗ ನನಗೆ ನಾಚಿಕೆ ಇರಲಿಲ್ಲ. ಈಗ ಇಂಜಿನಿಯರ್ ಅನ್ನಿಸಿಕೊಂಡ ಮೇಲೆ ತಪ್ಪು ಮಾತಾಡೋಕೆ ಹೆದರಿಕೆ. ಇಂಗ್ಲಿಷ್ ಸಾಕು ಅನ್ನೋದು ನೆಪ ಅಷ್ಟೇ.

ಅದೇ ವಾರ ಹಿರಿಯ ಮೋಲ್ಡರ್ ಒಬ್ಬರು ಊಟದ ಹೊತ್ತಿಗೆ ನನ್ನ ಮೂಲೆಗೆ ಬಂದರು. ನಿವೃತ್ತಿಗೆ ಕೆಲವೇ ವರ್ಷ ಇದ್ದವರು. ಕೈಗವಸಿನ ಡಬ್ಬದಿಂದ ರಟ್ಟು ಹರಿದು, ಮೋಲ್ಡ್ ಗುರುತು ಹಾಕೋ ಚಾಕ್‌ನಿಂದ ಒಂದು ಥರ್ಮಾಮೀಟರ್ ಬರೆದರು. ಪಕ್ಕದಲ್ಲಿ ‘ನಿಖ್ಟ್?’ ಅಂತ ಬರೆದು, ಕೆಳಗೆ ಮೂರು ಸಾಲು. ‘ಯಾ’ ಬರೆದು ಹೊಡೆದು ಹಾಕಿದರು. ‘ನೈನ್’ ಪಕ್ಕ ಕತ್ತರಿ ಗುರುತು: ನೋಡಿಲ್ಲ. ‘ಡೋಖ್’ ಪಕ್ಕ ಸರಿ ಗುರುತು: ನೋಡಿದ್ದೀನಿ. ಇಲ್ವಾ ಅಂತ ಕೇಳಿದರೆ ‘ಇದೆ’ ಅನ್ನೋಕೆ ಜರ್ಮನ್‌ನಲ್ಲಿ ಬೇರೆಯೇ ಮಾತಿದೆ, ಅದೇ ಡೋಖ್. ಆ ರಟ್ಟು ಇವತ್ತಿಗೂ ನನ್ನ ಹತ್ತಿರ ಇದೆ.

ಅಲ್ಲಿಂದ ಕಾಕಾನ ಲೆಕ್ಕ ಶುರು ಮಾಡಿದೆ. ಜೇಬಿನಲ್ಲಿ ಸಣ್ಣ ನೋಟ್‌ಬುಕ್. ಆ ದಿನ ಕೆಲಸದಲ್ಲಿ ಕಿವಿಗೆ ಬಿದ್ದ ಐದು ಮಾತು, ಕನ್ನಡ ಲಿಪಿಯಲ್ಲಿ. ಬೆರಳು ತೋರಿಸಿ “ವೀ ಹೈಸ್ಟ್ ದಾಸ್?” ಅಂತ ಕೇಳೋದು. ಲ್ಯಾಡಲ್‌ಗೆ ‘ಫಾನ್ನೆ’, ಮನೆಯ ಬಾಣಲೆಗೂ ಅದೇ ಮಾತು. ಕಬ್ಬಿಣ ಆರುವಾಗ ಕುಗ್ಗಿ ಬೀಳೋ ಶ್ರಿಂಕೇಜ್ ತೂತಿಗೆ ‘ಲುಂಕರ್’. ಕೋರ್‌ಗೆ ‘ಕೆರ್ನ್’. ಪುಸ್ತಕದ ಮೊದಲ ಪಾಠದಲ್ಲಿರೋ ಸೇಬು, ಬೆಕ್ಕು, ವಿಮಾನ ನಿಲ್ದಾಣ ನನಗೆ ಆಮೇಲೆ ಬಂದವು. ಹೊಸಬರಿಗೆ ನಾನು ಈಗಲೂ ಹೇಳೋದು ಇದನ್ನೇ. ನಾಳೆ ಬೆಳಗ್ಗೆ ಬೇಕಾಗೋ ಮಾತನ್ನು ಇವತ್ತು ಕಲೀರಿ.

ಒಂದು ಕಡೆ ನೆರವಿಗೆ ಬಂದದ್ದು ಗಲ್ಲಿಯ ಮರಾಠಿ. ಜರ್ಮನ್‌ನಲ್ಲಿ ಇಪ್ಪತ್ತೊಂದು ಅಂದ್ರೆ ‘ಐನ್-ಉಂಡ್-ತ್ಸ್ವಾನ್‌ತ್ಸಿಗ್’, ಒಂದು ಮತ್ತು ಇಪ್ಪತ್ತು. ಬಿಡಿ ಮೊದಲು, ಹತ್ತು ಆಮೇಲೆ. ಕನ್ನಡದ ಕಿವಿಗೆ ಉಲ್ಟಾ. ಆದರೆ ಮರಾಠಿಯ ಏಕವೀಸ್, ಬಾವೀಸ್, ತೇವೀಸ್ ಕೂಡ ಹೀಗೇ ಅಲ್ವಾ? ಇನ್ನು ಗಂಟೆ. ‘ಹಾಲ್ಪ್ ಡ್ರೈ’ ಅಂದ್ರೆ ಅರ್ಧ-ಮೂರು. ಮೂರೂವರೆ ಅಂದುಕೊಂಡು ಒಮ್ಮೆ ಮೀಟಿಂಗ್‌ಗೆ ಒಂದು ತಾಸು ತಡವಾಗಿ ಹೋಗಿದ್ದೆ. ಅದು ಎರಡೂವರೆ. ಮೂರನೆಯದು ಅರ್ಧ ಆಗಿದೆ ಅನ್ನೋ ಲೆಕ್ಕ. ಮರಾಠಿಯ ‘ಅಡೀಚ್’ ಹುಟ್ಟಿದ್ದೂ ಸಂಸ್ಕೃತದ ‘ಅರ್ಧತೃತೀಯ’ದಿಂದ, ಅಂದರೆ ಅದೇ ಅರ್ಧ-ಮೂರು! ಗಣಪತ್ ಗಲ್ಲಿಯಲ್ಲಿ ‘ಅಡೀಚ್ ಕಿಲೋ’ ಅಂತ ಕೇಳುತ್ತಾ ಬೆಳೆದ ನನಗೆ ಇದು ತಿಳಿದ ದಿನ ಆದ ಖುಷಿ ಅಷ್ಟಿಷ್ಟಲ್ಲ. ಡೆರ್, ಡೀ, ದಾಸ್ ಅನ್ನೋ ಮೂರು ಲಿಂಗಕ್ಕೂ ಮರಾಠಿಯ ತೋ, ತೀ, ತೇ ದಾರಿ ತೋರಿಸಿತು. ಯಾವ ವಸ್ತುವಿಗೆ ಯಾವುದು ಅನ್ನೋದು ಬಾಯಿಪಾಠವೇ. ಆದರೆ ಕುರ್ಚಿ ಹೆಣ್ಣು ಹೇಗಾಗುತ್ತೆ ಅಂತ ಜಗಳಕ್ಕೆ ನಿಲ್ಲೋ ಸ್ವಭಾವ ನನಗೆ ಮೊದಲಿಂದಲೂ ಇರಲಿಲ್ಲ. ಕನ್ನಡವೂ ಕೈಬಿಡಲಿಲ್ಲ. ‘ವೈಲ್’ ಅಂದ್ರೆ ಯಾಕಂದ್ರೆ. ಅದು ಬಂದರೆ ಆ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ನಮ್ಮ ವಾಕ್ಯದ ಹಾಗೇ.

ವಾರಕ್ಕೆ ಎರಡು ಸಂಜೆ ‘ಫೋಕ್ಸ್‌ಹೋಖ್‌ಶೂಲೆ’ಗೆ ಹೋದೆ. ದೊಡ್ಡವರಿಗೆ ಅಂತಲೇ ಊರೂರಲ್ಲಿ ನಡೆಯೋ ಶಾಲೆ ಅದು, ಫೀ ಕಡಿಮೆ. ಬಿ1 ಮುಗಿಯೋಕೆ ಒಂದೂವರೆ ವರ್ಷ ಹಿಡಿಯಿತು. ಅಲ್ಲಿ ಉಳಿಯೋ ಮನಸ್ಸಿದ್ದವರಿಗೆ ಒಂದು ಮಾತು. ಬ್ಲೂ ಕಾರ್ಡ್ ಇದ್ದು ಬಿ1 ಕೈಯಲ್ಲಿದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಎ1 ಮಾತ್ರ ಇದ್ದರೆ ಈಗಿನ ನಿಯಮದಲ್ಲಿ 27 ತಿಂಗಳು ಕಾಯಬೇಕು.

ಒಂದು ಸಂಜೆ ಟೀಚರ್ ಬೋರ್ಡ್ ಮೇಲೆ ಎರಡು ಪ್ರಶ್ನೆ ಬರೆದರು. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಎತ್ತಿದ ಪ್ರಶ್ನೆಗಳು. ನಿಮ್ಮದನ್ನು ಉಳಿಸಿಕೊಳ್ಳಬೇಕು ಅನ್ನಿಸುತ್ತಾ? ಇಲ್ಲಿನವರ ಜೊತೆ ಬೆರೆಯಬೇಕು ಅನ್ನಿಸುತ್ತಾ? ಎರಡಕ್ಕೂ ಹೌದು ಅಂದರೆ ಒಂದು ದಾರಿ. ಮೊದಲನೆಯದಕ್ಕೆ ಮಾತ್ರ ಹೌದು ಅಂದರೆ ನಮ್ಮ ರೂಮಿನಲ್ಲಿ ನಡೆಯುತ್ತಿದ್ದದ್ದು. ಎರಡನೆಯದಕ್ಕೆ ಮಾತ್ರ ಹೌದು ಅಂದರೆ ತನ್ನದನ್ನು ಪೂರ್ತಿ ಕಳಚಿಡೋದು. ಎರಡಕ್ಕೂ ಇಲ್ಲ ಅಂದವರು ಎಲ್ಲೂ ಸಲ್ಲದೆ ಉಳಿಯುತ್ತಾರೆ. ಬೋರ್ಡ್ ನೋಡುತ್ತಾ ಕೂತಿದ್ದ ನನಗೆ ಕಾಕಾನ ಮುಖವೇ ಕಣ್ಣ ಮುಂದೆ ಬಂತು.

ಆದರೆ ಕ್ಲಾಸಿನ ಜರ್ಮನ್ ಬೇರೆ, ಫೌಂಡ್ರಿಯದು ಬೇರೆ. ಅಲ್ಲಿನವರು ಆಡೋದು ಶ್ವೇಬಿಶ್, ಆ ಕಡೆಯ ಆಡುಮಾತು. ಕೆಲಸ ಮಾಡೋದಕ್ಕೆ ‘ಶಾಫೆ’, ಸ್ವಲ್ಪ ಅನ್ನೋಕೆ ‘ಬಿಸ್ಲೆ’. ಪಠ್ಯಪುಸ್ತಕದ ಕನ್ನಡ ಕಲಿತು ಬಂದವರು ನಮ್ಮ “ಹೋಗೂಣ ಬರ್ರಿ” ಕೇಳಿ ಕಕ್ಕಾಬಿಕ್ಕಿ ಆಗೋದಿಲ್ವಾ, ಹಾಗೇ ಆಯಿತು. ಅವರಲ್ಲಿ ಒಂದು ಮಾತಿದೆ: “ನೆಟ್ ಗ್‌ಶಿಂಫ್ಟ್ ಇಶ್ ಗ್‌ನುಗ್ ಗ್‌ಲೋಬ್ಟ್.” ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ ಅಂತ. ಅದನ್ನು ಕೇಳಿದ ಮೇಲೆ ಎಷ್ಟೋ ತಿಂಗಳ ಕೊರಗು ಕರಗಿತು. ನನ್ನ ಕೆಲಸ ಯಾರೂ ಮೆಚ್ಚುತ್ತಿಲ್ಲ ಅಂತ ಅಂದುಕೊಂಡಿದ್ದೆ. ನಮ್ಮ ಅಪ್ಪನೂ ಹೀಗೇ ಇದ್ದವರು.

ಹಿರಿಯ ಮೋಲ್ಡರ್‌ಗೆ ‘ಡೂ’ ಅನ್ನೋದು ನನಗೆ ಬಹಳ ಕಷ್ಟವಾಯಿತು. ಡೂ ಅಂದ್ರೆ ನೀನು, ಝೀ ಅಂದ್ರೆ ನೀವು. ಶಾಪ್ ಫ್ಲೋರ್‌ನಲ್ಲಿ ಎಲ್ಲರೂ ಡೂ. ಆದರೆ ಪ್ರತಿ ಮಾತಿಗೂ ‘ರೀ’ ಹಚ್ಚಿ ಬೆಳೆದವನ ನಾಲಿಗೆ ಅಪ್ಪನ ವಯಸ್ಸಿನವರಿಗೆ ನೀನು ಅನ್ನುತ್ತಾ? ನಾನು ತಿಂಗಳುಗಟ್ಟಲೆ ಝೀ ಅಂದೆ. ಕೊನೆಗೆ ಒಂದು ದಿನ ಅವರೇ ಕೈ ಚಾಚಿ, ತಮ್ಮ ಹೆಸರು ಹೇಳಿ, “ಡೂ” ಅಂದರು. ನನ್ನ ಝೀ ಅವರಿಗೆ ಗೌರವದ ಹಾಗೆ ಕೇಳಿಸಿರಲಿಲ್ಲ. ದೂರ ಇಟ್ಟ ಹಾಗೆ ಕೇಳಿಸಿತ್ತು. ಅಲ್ಲಿ ಗೌರವ ಬೇರೆ ಕಡೆ ಇತ್ತು. ಪಾಳಿಗೆ ಹತ್ತು ನಿಮಿಷ ಮೊದಲು ಬರೋದು, ಜಾಗ ಗುಡಿಸಿ ಒಪ್ಪಿಸೋದು, ಆಗದ್ದನ್ನು ಆಗಲ್ಲ ಅಂತ ಮೊದಲೇ ಹೇಳೋದು. ಈ ಕೊನೆಯದು ನನಗೆ ಬರುತ್ತಿರಲಿಲ್ಲ. ದೊಡ್ಡವರು ಕೇಳಿದರೆ “ಆಗ್ತೈತ್ರಿ” ಅಂದೇ ರೂಢಿ. “ಗುರುವಾರ ಆಗಲ್ಲ, ಶುಕ್ರವಾರ ಹತ್ತಕ್ಕೆ ಕೊಡ್ತೀನಿ” ಅಂತ ಜರ್ಮನ್‌ನಲ್ಲಿ ಹೇಳಿದ ದಿನ ಎದೆ ಢವಢವ ಅಂದಿತ್ತು. ಕೇಳಿದವರು “ಗುಟ್” ಅಂದು ಬರೆದುಕೊಂಡು ಹೋದರು, ಅಷ್ಟೇ.

ಅವ್ವ ಕಳಿಸಿದ ಶೇಂಗಾ ಚಟ್ನಿಯನ್ನು ಹಿರಿಯ ಮೋಲ್ಡರ್ ರೈ ಬ್ರೆಡ್‌ಗೆ ಬೆಣ್ಣೆ ಸವರಿ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದರು. ನನ್ನ ನೋಟ್‌ಬುಕ್‌ನ ಲಿಪಿ ನೋಡಿ ಇದೇನು ಅಂತ ಕೇಳಿದಾಗ ಕಿಟ್ಟೆಲ್ ಕಥೆ ಹೇಳಿದೆ. 1853ರಲ್ಲಿ ನಿಮ್ಮ ದೇಶದ ಉತ್ತರದ ಕಡೆಯ ಒಬ್ಬ ಯುವಕ ನಮ್ಮ ನಾಡಿಗೆ ಬಂದ, ನಮ್ಮ ಭಾಷೆ ಕಲಿತ, 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಕೊಟ್ಟ, 1903ರಲ್ಲಿ ಇಲ್ಲೇ ಟ್ಯೂಬಿಂಗನ್‌ನಲ್ಲಿ ತೀರಿಕೊಂಡ ಅಂತ. ಅವರಿಗೆ ಇದು ಗೊತ್ತಿರಲಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಕೂತು, “ನಲವತ್ತು ವರ್ಷ?” ಅಂದರು.

ಕಲಿತರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳಲಾರೆ. ಮನೆ ಹುಡುಕುವಾಗ ಒಬ್ಬರು ಫೋನ್‌ನಲ್ಲಿ ನನ್ನ ಉಚ್ಚಾರ ಕೇಳಿ ಮನೆ ಹೋಯಿತು ಅಂದರು. ಜರ್ಮನ್ ಸಹೋದ್ಯೋಗಿ ಅರ್ಧ ತಾಸು ಬಿಟ್ಟು ಕೇಳಿದಾಗ ಅದೇ ಮನೆ ಖಾಲಿ ಇತ್ತು. ನನ್ನ ಬಿ1 ಅಲ್ಲಿ ಏನೂ ಮಾಡಲಿಲ್ಲ. ಹೊಂದಿಕೊಳ್ಳೋ ಹೊಣೆಯನ್ನೆಲ್ಲ ಹೋದವನ ತಲೆಗೇ ಕಟ್ಟೋದು ನ್ಯಾಯವಲ್ಲ. ರಟ್ಟು ಹರಿದು ಬರೆದು ಕೊಡೋರು ಆ ಕಡೆಯೂ ಒಬ್ಬರು ಬೇಕು.

ನಾಲ್ಕು ವರ್ಷ ಕಳೆದು ಅಪ್ಪನ ಆರೋಗ್ಯಕ್ಕಾಗಿ ವಾಪಸ್ ಬಂದೆ. ಈಗ ಮತ್ತೆ ಉದ್ಯಮಬಾಗ. ನಮ್ಮ ಮೋಲ್ಡಿಂಗ್ ಲೈನ್‌ನಲ್ಲಿ ಒಡಿಶಾ, ಬಿಹಾರದ ಹುಡುಗರಿದ್ದಾರೆ. ಊಟದ ಹೊತ್ತಿಗೆ ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಾರೆ. ಮೊದಲಾಗಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಅವರ ಪಕ್ಕ ಹೋಗಿ ಕೂರುತ್ತೇನೆ. ದಿನಕ್ಕೆ ಐದು ಕನ್ನಡ ಮಾತು ಅವರಿಗೆ, ಒಡಿಯಾದ ಎರಡು ನನಗೆ.

ಇನ್ನೊಂದು ಬದಲಾಗಿದೆ. “ಟೆಂಪರೇಚರ್ ನೋಡಿಲ್ಲೇನು?” ಅಂತ ನಾನು ಯಾರನ್ನೂ ಕೇಳೋದಿಲ್ಲ. “ಎಷ್ಟೈತಿ?” ಅಂತ ಕೇಳ್ತೀನಿ. ಮೊನ್ನೆ ಹೊಸ ಹುಡುಗ ಮೀಟರ್ ನೋಡಿ, ಹಿಂದಿಯಲ್ಲಿ ಹೇಳೋಕೆ ಬಾಯಿ ತೆರೆದವನು ನಿಲ್ಲಿಸಿ, ಬೆರಳು ಮಡಿಚಿ ಲೆಕ್ಕ ಹಾಕಿ, ನಿಧಾನಕ್ಕೆ ಹೇಳಿದ: “ಹದಿಮೂರನೂರಾ... ಎಂಬತ್ತು, ಅಣ್ಣಾ.”

“ಹೊಯ್ಯಪಾ” ಅಂದೆ.